ವಾಪಸ್ ಪೆಟ್ಟಿಗೆ

ಮಗಳ ಹಳೆಯ ಗಣಿತದ ಪುಸ್ತಕದ ಹಿಂದಿನ ಹಾಳೆಯಲ್ಲಿ
ಗೀಟು ಹಾಕುತ್ತೇನೆ, ನಾಲ್ಕು ನಿಂತದ್ದು, ಅಡ್ಡ ಒಂದು.
ಫೆಬ್ರವರಿಯಲ್ಲಿ ಮೂರು. ಮಾರ್ಚಿನಲ್ಲಿ ಹದಿನೇಳು,
ಕುಂಬಳೆಯಿಂದ ಬೇಳದವರೆಗೆ, ಈಚೆ ಬಂದ್ಯೋಡು,
ನನ್ನ ಒಂದೇ ಸ್ಕೂಟರಿನ ಲೈನಿನಲ್ಲಿ.
ಪೇಪರಿನವರು ಸಾವಿರದಲ್ಲಿ ಬರೆಯುತ್ತಾರೆ.
ಅವರದ್ದು ಅವರಿಗೆ. ನನ್ನದು ಕೈಗೆ ಸಿಕ್ಕಿದ ಲೆಕ್ಕ,
ತೂಕ ಉಂಟು: ಎರಡು ಕಿಲೋ ಮುನ್ನೂರು, ಚಾರ್ಜರ್ ಸೇರಿ.

ಕಂಪೆನಿಯ ಹೆಸರು ಪೆಟ್ಟಿಗೆಯ ಮೇಲೆ ಇರುವುದಿಲ್ಲ.
ಹೊಸಕೋಟೆಯ ಒಂದು ಗೋದಾಮು, ಒಂದು ಬಾರ್‌ಕೋಡು.
ಆದರೂ ಗೊತ್ತಾಗುತ್ತದೆ. ಒಂದೇ ದಿನ ಮೂರು ಮನೆಗೆ
ಒಂದೇ ಗೋದಾಮಿನ ಚೀಟಿ ಬಂದರೆ
ಎಲ್ಲೋ ಯಾರೋ ಕತ್ತಿ ಮಸೆದಿದ್ದಾರೆ ಅಂತ.
ಪೇಪರಿಗೆ ಅದು ಬರಲು ಇನ್ನೂ ನಾಲ್ಕು ದಿನ.

ವಿಳಾಸ ಮಲಯಾಳದಲ್ಲಿ, ಓಟಿಪಿ ಇಂಗ್ಲಿಷಿನಲ್ಲಿ,
ಗೇಟಿನಲ್ಲಿ ಮಾತು ಕನ್ನಡವೋ ತುಳುವೋ ಬ್ಯಾರಿಯೋ.
ತೆಗೆದರು ಎಂಬ ಶಬ್ದ ಯಾವ ಭಾಷೆಯಲ್ಲೂ ಕೇಳಿಲ್ಲ.
ಒಬ್ಬರ ಪ್ರಾಜೆಕ್ಟು ಮುಗಿದಿರುತ್ತದೆ. ಒಬ್ಬರದ್ದು ರಿಪೇರಿಗೆ ಹೋಗುವುದು.
ಒಬ್ಬಾಕೆಯ ಅತ್ತೆ ಒಳಗಿಂದ ಕೂಗಿದರು,
ಎಂತ ಬಂತು ಪಾರ್ಸೆಲಿನಲ್ಲಿ?
ಬಂದದ್ದಲ್ಲ ಅಮ್ಮ, ಎನ್ನಲು ಬಾಯಿ ತೆರೆದೆ.
ಸೊಸೆ ನನ್ನ ಮುಖ ನೋಡಿದಳು.
ಸೀರೆ, ಬಣ್ಣ ಬೇರೆ ಬಂದಿದೆ, ವಾಪಸು, ಎಂದೆ.

ಜುನೈದ್ ಮನೆಗೆ ಬರಬೇಡಿ ಎಂದ.
ಹೈವೇ ಅಗೆದುಹಾಕಿದ ಕಡೆ, ಸರ್ವಿಸ್ ರೋಡಿನ ಜಲ್ಲಿಯ ಹತ್ತಿರ
ಹೆಲ್ಮೆಟ್ ತೆಗೆಯದೆ ನಿಂತಿದ್ದ.
"ಉಮ್ಮನಿಗೆ ಗೊತ್ತಿಲ್ಲ. ಪೆರ್ನಾಳ್ ಕಳೆಯಲಿ."
ಅಷ್ಟರವರೆಗೆ ದಿನಾ ಒಂಬತ್ತಕ್ಕೆ ಕೋಣೆಯ ಬಾಗಿಲು ಹಾಕಿ
ಯಾವುದರ ಎದುರು ಕೂರುತ್ತಾನೋ, ನಾನು ಕೇಳಲಿಲ್ಲ.

ಬೇಳದ ಲವೀನಾ ಕ್ರಾಸ್ತಾ ಅರ್ಧ ಗಂಟೆ ಕೂರಿಸಿದರು.
ಲ್ಯಾಪ್‌ಟಾಪಿನ ಬೆನ್ನಿಗೆ ಮಗು ಅಂಟಿಸಿದ
ಮೀನು, ನಕ್ಷತ್ರ, ಒಂದು ಅರ್ಧ ಆನೆ.
ತೆಂಗಿನೆಣ್ಣೆ ಹಚ್ಚಿ ಉಗುರಿನಲ್ಲಿ ಕೆರೆದು ಕೆರೆದು
"ಹೇಗೆ ಕೊಟ್ಟಿದ್ದರೋ ಹಾಗೇ ಕೊಡಬೇಕಂತೆ" ಎಂದರು.
ಮೀನು ಬಂತು, ನಕ್ಷತ್ರ ಬಂತು.
ಆನೆಯ ಸೊಂಡಿಲು ಬರಲಿಲ್ಲ.
ನನ್ನ ಫೋನಿನ ಫಾರ್ಮಿನಲ್ಲಿ ಒಂದು ಪ್ರಶ್ನೆ ಉಂಟು:
ಹಾನಿ ಆಗಿದೆಯೇ? ಹೌದು, ಇಲ್ಲ.
ಯಂತ್ರದ ಬಗ್ಗೆ ಮಾತ್ರ ಕೇಳುವುದು.
ಇಲ್ಲ ಅಂತ ಒತ್ತಿದೆ.

ಸೀತಾಂಗೋಳಿಯ ಸುಜಿತ್ ಬೆಳ್ಚಪ್ಪಾಡರಿಗೆ
ಇದೇ ಯಂತ್ರ ತಂದುಕೊಟ್ಟವನೂ ನಾನೇ, ಕೊರೋನದ ವರ್ಷ.
ಆವತ್ತು ಗೇಟಿನ ಆಚೆಯಿಂದಲೇ,
ಪೆಟ್ಟಿಗೆಗೂ ನನಗೂ ಔಷಧಿ ಸಿಂಪಡಿಸಿ ತೆಗೆದುಕೊಂಡಿದ್ದರು.
ಇವತ್ತು ಒಳಗೆ ಕರೆದು ಪುನರ್ಪುಳಿ ಶರಬತ್ತು ಕೊಟ್ಟರು.
"ನಿಮ್ಮ ಕೆಲಸ ಹೇಗುಂಟು?"
ಯಾರೂ ಕೇಳದ ಪ್ರಶ್ನೆ. ಬಾಯಿ ತಪ್ಪಿ ನಿಜ ಹೇಳಿಬಿಟ್ಟೆ:
"ಒಳ್ಳೆ ಸೀಸನ್ನು."

ಹೌದು. ಪೆಟ್ಟಿಗೆಗೆ ನನಗೆ ಇಪ್ಪತ್ತೆರಡು ರೂಪಾಯಿ.
ತಿಂಗಳಿಗೆ ಹದಿನೈದು ದಾಟಿದರೆ ಮೇಲೆ ಇನ್ನೂರೈವತ್ತು.
ಹಿಂದಿನ ಟಯರಿಗೆ ಅದನ್ನೂ ಸೇರಿಸಿದ್ದು.
ಹದಿನಾರನೆಯ ಗೀಟು ಎಳೆಯುವಾಗ ಕೈ ನಡುಗಲಿಲ್ಲ,
ಅದನ್ನೂ ಬರೆದಿಡಬೇಕು.

ರಾತ್ರಿ ಎಂಟೂವರೆಗೆ ಲವೀನಾರ ಫೋನು, ನಾಲ್ಕನೆಯ ಸಲ.
ಪೆಟ್ಟಿಗೆ ಮುಟ್ಟಿದ ಮೇಲೆಯೇ ಬಾಕಿ ಸಂಬಳವಂತೆ.
ನಂಬರು ಒತ್ತಿ ನೋಡಿ ಹೇಳುತ್ತೇನೆ:
ಮಂಗಳೂರು ಬಿಟ್ಟಿದೆ. ಹಾಸನ ದಾಟಿದೆ.
ಈಗ ಗೋದಾಮಿನ ಹೊರಗೆ, ಲಾರಿಯಲ್ಲಿ, ಸರದಿಯಲ್ಲಿ.
"ಒಳಗೆ ತೆಗೆದುಕೊಳ್ಳುತ್ತಾರಲ್ಲ?"
ತೆಗೆದುಕೊಳ್ಳುತ್ತಾರೆ ಮೇಡಂ.
"ಆ ಸೊಂಡಿಲು... ಅದಕ್ಕೆ ಏನಾದರೂ..."
ಇಲ್ಲ ಅಂತ ಒತ್ತಿದ್ದೇನೆ, ಎಂದೆ.