ಬುತ್ತಿ

ಲಾಲ್‌ಬಾಗಿನ ಗಿರಣಿಯ ಹಾಜರಿ ಪಟ್ಟಿಯಲ್ಲಿ
ಟೈಮ್‌ಕೀಪರ್ ತಕಾರದ ಜಾಗಕ್ಕೆ ಟಕಾರ ಬರೆದ.
ಅಂದಿನಿಂದ ನಮ್ಮಜ್ಜ ಚನಮಲ್ಲಪ್ಪ ಬುತ್ತಿ
ಬುಟ್ಟಿಯಾದ.

ಮರಾಠಿಯಲ್ಲಿ ಬುಟ್ಟಿ ಹೊಡೆಯುವುದೆಂದರೆ
ಕೆಲಸಕ್ಕೆ ಚಕ್ಕರ್.
ಇಪ್ಪತ್ತೊಂಬತ್ತು ವರ್ಷ ಒಂದು ಪಾಳಿಯೂ ತಪ್ಪದವನನ್ನು
ಇಡೀ ಮಗ್ಗದ ಖಾತೆ ಹಾಗೇ ಕರೆದು ನಕ್ಕಿತು.
ಅವನೂ ನಕ್ಕ, ಮೀಸೆಯ ತುಂಬ ಹತ್ತಿ.

ಎಲ್ಲಿಯದು ಈ ಹೆಸರು ಎಂದರೆ,
ಶ್ರೀಶೈಲಕ್ಕೆ ನಡೆದು ಹೋಗುವವರಿಗೆ
ರೊಟ್ಟಿ ಕಟ್ಟಿ ಕೊಡುತ್ತಿದ್ದ ಮನೆತನ ಎನ್ನುತ್ತಿದ್ದ.
ಗೌರತ್ತೆ ಒಪ್ಪುವುದಿಲ್ಲ:
"ಕೊಟ್ಟವರಲ್ಲೋ ತಮ್ಮಾ, ಕದ್ದವರು.
ಯಾತ್ರಿಗಿ ಹೊಂಟವರು ಮಲಗಿದಾಗ
ಗಂಟು ಬಿಚ್ಚಿದವರು."

ಟೆಲಿಫೋನ್ ಡೈರೆಕ್ಟರಿಯಲ್ಲಿ
ಇಡೀ ಮುಂಬಯಿಗೆ ಬುತ್ತಿ ಒಬ್ಬರೇ, ಚೆಂಬೂರಿನಲ್ಲಿ.
ಅಪ್ಪ ರೂಪಾಯಿ ನಾಣ್ಯ ಹಾಕಿ ಮಾತಾಡಿದ.
ಅವರು ಭಟ್ಟಿಯಂತೆ. ಅಚ್ಚಿನ ತಪ್ಪು.

ಅಜ್ಜ ಹೋದ ಮೇಲೆ ಪ್ರಾವಿಡೆಂಟ್ ಫಂಡ್ ಕಚೇರಿಯಲ್ಲಿ
ಬುತ್ತಿ, ಬುಟ್ಟಿ ಒಬ್ಬನೇ ಎಂಬುದಕ್ಕೆ
ಪುರಾವೆ ಕೇಳಿದರು.
ಅಜ್ಜಿ ಸೆರಗಿನಡಿಯಿಂದ ಅವನ ಹಿತ್ತಾಳೆ ಡಬ್ಬಿ ತೆಗೆದಿಟ್ಟಳು,
ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಕೊರೆದ ಕನ್ನಡ.
ಗುಮಾಸ್ತ ಓದಲಾರದೆ ತಿರುಗಿಸಿದ, ತಿರುಗಿಸಿದ,
ಕೊನೆಗೆ ಮುಚ್ಚಳ ತೆಗೆದು
ಮೂಸಿದ.