ಆರನೆಯ ಚೌಕ

ಪಂಚಾಯ್ತಿ ಗೋಡೆಗೆ ಹದಿನೇಳು ಚೌಕ ಬರೆಸಿದ್ದೇವೆ.
ಪೇಂಟರು ಗೋಣಿಕೊಪ್ಪದವ; ತಂದದ್ದು ಹನ್ನೆರಡೇ ಡಬ್ಬಿ,
ಉಳಿದ ಐದು ಬಣ್ಣ ಅವನೇ ಕಲಸಿಕೊಂಡ.
ಆರನೆಯದು ನೀಲಿ. ನೀರು.
ನನ್ನ ಕುರ್ಚಿಯ ಹಿಂದೆಯೇ ಇದೆ,
ಎಣ್ಣೆತಲೆ ತಾಗಿ ತಾಗಿ ಒಂದು ಮೂಲೆ ಜಿಡ್ಡಾಗಿದೆ.

ಹಾಡಿಗೆ ಭಾನುವಾರವೇ ಹೋಗಬೇಕು.
ಉಳಿದ ದಿನ ಏಳಕ್ಕೆಲ್ಲ ತೋಟದ ಜೀಪು ಬಂದು
ಉತ್ತರ ಕೊಡುವವರನ್ನು ತುಂಬಿಕೊಂಡು ಹೋಗುತ್ತದೆ.

ಎರವರ ಬೊಳಕಿ ಅಂಗಳದಲ್ಲಿ ಕೂತು
ಹರಿದ ಕೊಯ್ಲಿನ ಚೀಲ ಹೊಲಿಯುತ್ತಿದ್ದಳು.
"ಮನೆಗೆ ನಲ್ಲಿ ಇದೆಯಾ?"
"ಓ ಅಲ್ಲಿ."
ನಲ್ಲಿಗೆ ಆಡು ಕಟ್ಟಿತ್ತು.
"ನೀರು?"
"ಎರಡು ಸಲ ಬಂತು. ಫೋಟೋ ತೆಗೆದ ದಿನ ಒಮ್ಮೆ.
ಇನ್ನೊಮ್ಮೆ ರಾತ್ರಿ. ಆಮೇಲೆ ಆನೆ ಪೈಪು ತುಳಿಯಿತು.
ಅದಕ್ಕೂ ಬಾಯಾರಿಕೆಯಲ್ಲವಾ."

ಟ್ಯಾಬಿನಲ್ಲಿ ಹೌದು ಇದೆ, ಇಲ್ಲ ಇದೆ.
ಎರಡು ಸಲ ಎಂಬುದಕ್ಕೆ ಗುಂಡಿಯಿಲ್ಲ.

ಸುಳ್ಳು ಹೇಳಬಾರದು,
ಬೆರಳು ಹಗುರಾಗಿ ಹೌದು ಒತ್ತಿದ್ದೂ ಉಂಟು.
ಸೋಲಾರ್ ದೀಪ ಇದೆ; ಅದರಡಿ ಮೊಮ್ಮಗಳು ರಜಿತ
ಒಂಬತ್ತನೆಯ ತರಗತಿಯ ಬೀಜಗಣಿತದ ಜೊತೆ ಜಗಳವಾಡುತ್ತಾಳೆ.
ಈಚಿನ ಮೂರು ಹೆರಿಗೆಯೂ ಆಸ್ಪತ್ರೆಯಲ್ಲಿ, ಮೂರೂ ಕೂಸು ಬದುಕಿವೆ;
ಒಂದು ನನ್ನ ಪೆನ್ನಿನ ಮುಚ್ಚಳ ಕಡಿಯುತ್ತಿತ್ತು.
ಬೊಳಕಿಗೆ ಸಹಿ ಬರುತ್ತದೆ. ಬೊ ಮಾತ್ರ ದೊಡ್ಡದು,
ಉಳಿದೆರಡು ಅಕ್ಷರ ಅದರ ಸೆರಗು ಹಿಡಿದು ನಡೆಯುತ್ತವೆ.

"ಇದೆಲ್ಲ ಮುಗಿಯುವುದು ಯಾವಾಗ?"
"ಎರಡು ಸಾವಿರದ ಮೂವತ್ತಕ್ಕೆ."
ದಾರ ಹಲ್ಲಿನಲ್ಲಿ ಕತ್ತರಿಸಿ ಕೇಳಿದಳು:
"ಹೂಮಳೆಗೆ ಮುಂಚೆಯೋ, ಆಮೇಲೋ?"

ಗೊತ್ತಿರಲಿಲ್ಲ. ಗೋಡೆಯ ಮೇಲೂ ಬರೆಸಿಲ್ಲ.

ಸಿಗ್ನಲ್ ಸಿಗುವುದು ಆನೆಕಂದಕದ ದಿಬ್ಬದಲ್ಲಿ ಮಾತ್ರ.
ಕಂದಕದೊಳಗೆ ನೀರುಗಂಟಿ ಚುಬ್ರ ಮೊಣಕಾಲೂರಿ
ಒಡೆದ ಪೈಪಿಗೆ ಸೈಕಲ್ ಟ್ಯೂಬು ಬಿಗಿಯುತ್ತಿದ್ದ.
ಮೇಲೆ ನಿಂತು ಕಳಿಸಿದೆ: ನಲವತ್ತು ಮನೆ,
ಒಂದೊಂದಕ್ಕೂ ಹಸಿರು ಟಿಕ್ಕು.
ನಲವತ್ತೊಂದನೆಯದು ಬೊಳಕಿಯದು.
ಸಾಹೇಬರು ಮೊದಲೇ ಹೇಳಿದ್ದಾರೆ,
"ಪ್ರಶ್ನೆ ನಲ್ಲಿಯದಮ್ಮ, ನೀರಿನದಲ್ಲ."

ಅಷ್ಟರಲ್ಲಿ ಹಾಡಿಯ ಕಡೆಯಿಂದ ಕೆಮ್ಮು, ಸಿಳ್ಳೆ;
ಆಡು ಬೆಚ್ಚಿ ಹಗ್ಗ ಜಗ್ಗಿತು,
ಮಕ್ಕಳು ಕೊಡ ಎತ್ತಿಕೊಂಡು ಓಡಿದವು.
ನೀರೋ, ಬರೀ ಗಾಳಿಯೋ,
ದಿಬ್ಬದಿಂದ ಕಾಣದು.

ಸಲ್ಲಿಸಲೇ? ಎನ್ನುತ್ತಿದೆ ಟ್ಯಾಬು.
ಇಳಿದರೆ ಸಿಗ್ನಲ್ ಹೋಗುತ್ತದೆ.
ತಡಿ ಮಾರಾಯ,
ನೋಡಿ ಬರ್ತೀನಿ.