ಅಕ್ಷರಕ್ಕೆ ಮೂವತ್ತು ರೂಪಾಯಿ

ರಸ್ತೆ ಅಗಲವಾಗಬೇಕು. ಜೆಪ್ಪುವಿನ ಸಮಾಧಿ ತೋಟದ ಗೋಡೆ
ಎಂಟಡಿ ಹಿಂದೆ ಸರಿಯಬೇಕು.
ಗೋಡೆಗೆ ಒರಗಿ ಮಲಗಿದ್ದ ಹದಿನೇಳು ಮಂದಿಯಲ್ಲಿ
ನನ್ನ ಮುತ್ತಜ್ಜ ಓಬೇದನೂ ಒಬ್ಬ.
ಹಳೆಯ ಕಲ್ಲು ಎತ್ತುವಾಗಲೇ ಎರಡಾಯಿತು.
ಹೊಸ ಕಲ್ಲಿಗೆ ಸಭೆಯವರು ಒಂದು ಅರ್ಜಿ ಕೊಟ್ಟರು:
ಹೆಸರು. ಹುಟ್ಟಿದ್ದು. ಸತ್ತದ್ದು.
ತಂದೆಯ ಹೆಸರು.

ಮೂರು ಬರೆದೆ. ನಾಲ್ಕನೆಯದಕ್ಕೆ ಪೆನ್ನು ನಿಂತಿತು.

ಬಲ್ಮಠದ ಕಪಾಟಿನಲ್ಲಿ ದೀಕ್ಷಾಸ್ನಾನದ ಪುಸ್ತಕ,
ಪುಟ ಮಗುಚಿದರೆ ಗೆದ್ದಲಿನ ಹಿಟ್ಟು ಮಡಿಲಿಗೆ.
ಸಾವಿರದ ಎಂಟುನೂರ ತೊಂಬತ್ತೊಂದು:
"ಗಂಡು, ವಯಸ್ಸು ಏಳು, ಓಬೇದ.
ತಾಯಿ ಮಾರ್ತ, ಪೂರ್ವದ ಹೆಸರು ತನಿಯಾರು.
ತಂದೆ"
ಅಲ್ಲೊಂದು ಅಡ್ಡಗೆರೆ.
ಗೆರೆ ಎಳೆದ ಕೈ ಮೊದಲು ಏನೋ ಬರೆಯಹೊರಟಿತ್ತು.
ಶಾಯಿಯ ಒಂದು ಚುಕ್ಕೆ, ಅದಕ್ಕೊಂದು ಬಾಲ.
'ಪ' ಇರಬಹುದು, 'ವ' ಇರಬಹುದು,
ನೊಣದ ಹಿಕ್ಕೆಯೂ ಇರಬಹುದು.

ಮದುವೆಯ ಪುಸ್ತಕದಲ್ಲಿ ತಂದೆ ಸಿಕ್ಕಿದ:
"ದಿವಂಗತ ಅಬ್ರಹಾಂ."
ಖುಷಿಯಾದದ್ದು ಅರ್ಧ ನಿಮಿಷ.
ಆ ವರ್ಷ ಮದುವೆಯಾದ ಆರು ಗಂಡುಗಳಲ್ಲಿ
ಮೂವರ ತಂದೆ ದಿವಂಗತ ಅಬ್ರಹಾಂ.
ಉಪದೇಶಿ ಕರುಣಾಳು; ಇಲ್ಲದವರಿಗೆಲ್ಲ
ಮೂಲಪಿತನನ್ನೇ ಮುರಿದು ಹಂಚಿದ್ದ,
ರೊಟ್ಟಿಯ ಹಾಗೆ.

ಸುಗುಣ ದೊಡ್ಡಮ್ಮನಿಗೆ ಸಂಶಯವೇ ಇಲ್ಲ.
"ಜರ್ಮನಿಯವ ಮಾರಾಯ್ತಿ, ಭಟ್ಟಿಯ ಸಾಹೇಬ.
ನಿನ್ನ ಅಪ್ಪನ ಕಣ್ಣು ನೋಡ್ಲಿಲ್ವಾ? ಬೆಕ್ಕಿನದು."
ಅವಳ ಗೋಡೆಯಲ್ಲಿ ಸಾಹೇಬನ ಪಟವೂ ಉಂಟು,
ಯಾವುದೋ ಕ್ಯಾಲೆಂಡರಿನಿಂದ ಕತ್ತರಿಸಿದ ಗಡ್ಡ.

ಆಮೇಲೆ ಹಂಚಿನ ಕಾರ್ಖಾನೆಯ ಸಂಬಳದ ಪುಸ್ತಕ.
ಒಂಬತ್ತು ವರ್ಷದ ಓಬೇದ, ದಿನಕ್ಕೆ ಮುಕ್ಕಾಲಾಣೆ.
ಕೆಲಸ: ಹಸಿ ಹಂಚಿನ ಬೆನ್ನಿಗೆ ಮೊಹರು ಒತ್ತುವುದು.
ಕಾರ್ಖಾನೆಯ ಹೆಸರು, ಊರು, ಇಸವಿ.
ದಿನಕ್ಕೆ ನಾನೂರು ಹಂಚು
ತಾವು ಯಾರ ಪೈಕಿ ಎಂದು ಅವನಿಂದ ತಿಳಿದುಕೊಂಡು
ಒಣಗಲಿಕ್ಕೆ ಹೋದವು.

ಅವನ ಹೆಸರಿನ ಕೆಳಗೆ ದಂಡಗಳು.
ಹಂಚು ಒಡೆದದ್ದು, ಎರಡು ಪೈ. ತಡವಾಗಿ ಬಂದದ್ದು, ಒಂದು.
ಪ್ರತಿ ಸಲವೂ ಪಕ್ಕದಲ್ಲಿ ಸಣ್ಣಕ್ಷರ:
"ಪೊಡಿಯಬ್ಬನ ದೋಣಿ ಲೆಕ್ಕದಿಂದ."
ಪೊಡಿಯಬ್ಬ, ನೇತ್ರಾವತಿಯಲ್ಲಿ
ಆವೆಮಣ್ಣು ಹೇರಿಕೊಂಡು ಬರುತ್ತಿದ್ದ ಬ್ಯಾರಿ.
ನಾಲ್ಕು ವರ್ಷ, ಮೂವತ್ತೊಂದು ದಂಡ,
ಒಂದು ಸಲ ಹುಡುಗನ ಅಂಗಿಗೆ ಆರಾಣೆ.
ಆಮೇಲೆ ಅವನ ಹೆಸರಿಗೆ ಕೆಂಪು ಗೀಟು,
"ದೋಣಿ ಇಲ್ಲ" ಎಂಬ ಎರಡು ಮಾತು.

ಇದರಿಂದ ಏನೂ ಸಿದ್ಧವಾಗುವುದಿಲ್ಲ, ಗೊತ್ತು.
ಯಾವುದೋ ಸಾಲ ಇದ್ದಿರಬಹುದು.
ಹುಡುಗ ಮಣ್ಣಿಳಿಸಲು ಕೈ ಕೊಟ್ಟಿರಬಹುದು.
ಒಬ್ಬ ಮನುಷ್ಯ ಸುಮ್ಮನೆ ಒಳ್ಳೆಯವನೂ ಆಗಿರಬಹುದು,
ಅದಕ್ಕೆ ಯಾವ ಪುಸ್ತಕದಲ್ಲೂ ಖಾನೆ ಇಲ್ಲ.
ಆದರೂ ಬಲ್ಮಠಕ್ಕೆ ಇನ್ನೊಮ್ಮೆ ಹೋಗಿ
ಆ ಚುಕ್ಕೆಯ ಮೇಲೆ ಭೂತಗನ್ನಡಿ ಹಿಡಿದೆ.
'ಪ' ಅಂದರೆ 'ಪ'. ಅಲ್ಲ ಅಂದರೆ ಅಲ್ಲ.

ನಮ್ಮೂರಲ್ಲಿ ಹೊಸಬರನ್ನು ಕೇಳುವುದು
"ಇಲ್ಲ್ ಓಲು?" ಅಂತ. ಮನೆ ಎಲ್ಲಿ.
ಮನೆ ಅಂದರೆ ತಾಯಿಯದು.
ತಂದೆಯನ್ನು ಕಾಗದ ಮಾತ್ರ ಕೇಳುತ್ತದೆ.

ತನಿಯಾರು: ಶನಿವಾರ ಹುಟ್ಟಿದವಳು, ಅಷ್ಟೇ ಅರ್ಥ.
ಯಾರ ಮಗಳೆಂದು ಅವಳನ್ನು ಯಾರೂ ಬರೆದಿಲ್ಲ.
ಅಗೆದು ಅಗೆದು ನನಗೆ ಖಾತ್ರಿಯಾಗಿ ಸಿಕ್ಕಿದ್ದು
ಒಂದು ಶನಿವಾರ.

ಕಲ್ಲು ಕೆತ್ತುವ ವಾಮನ ಆಚಾರಿಗೆ ಚೀಟಿ ಕೊಟ್ಟೆ:
"ಓಬೇದ, ತನಿಯಾರುವಿನ ಮಗ."
ಬೆರಳು ಮಡಚಿ ಎಣಿಸಿದರು.
"ಹನ್ನೊಂದು. ಮುನ್ನೂರ ಮೂವತ್ತು.
ಕೆಳಗೆ ಒಂದು ಸಾಲು ಖಾಲಿ ಉಳೀತದೆ ಮೇಡಂ."
ಉಳಿಯಲಿ ಎಂದೆ.
ಗೇಟಿನವರೆಗೆ ಹೋದವಳು ವಾಪಸು ಬಂದು
ಅಲ್ಲಿ ಒಂದು ದೋಣಿ ಕೆತ್ತಲಿಕ್ಕೆ ಆಗ್ತದಾ, ಎಷ್ಟಾಗ್ತದೆ,
ಕೇಳಿದೆ.
ಅವರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ
ಕಲ್ಲನ್ನೇ ನೋಡಿದರು ಸ್ವಲ್ಪ ಹೊತ್ತು.
"ದೋಣಿ ಅಕ್ಷರ ಅಲ್ಲವಲ್ಲ."